ಏರೋಪ್ಲೇನ್ ಚಿಟ್ಟೆಗೆ ಈ ಕೆಂಪು ಬಂದದ್ದೆಲ್ಲಿಂದ?

ಮಳೆ ಸ್ವಲ್ಪ ಬಿಟ್ಟು ಬಿಸಿಲು ಬಂತು ಅಂದರೆ ಸಾಕು, ಉಡುಪಿ, ಮಂಗಳೂರು ಕಡೆಯ ಬೈಲುಗಳಲ್ಲಿ ಏರೋಪ್ಲೇನ್ ಚಿಟ್ಟೆಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ತಲೆಯಿಂದ ಬಾಲದವರೆಗೆ ಕಡುಗೆಂಪಾಗಿರುವ ಒಂದು ಡ್ರ್ಯಾಗನ್‌ಫ್ಲೈ. ಕೆರೆಯ ಅಂಚು, ಗದ್ದೆಯ ಹುಣಿ, ತೋಡಿನ ಬದಿ, ಕೆಂಪುಕಲ್ಲು ತೆಗೆದು ಬಿಟ್ಟ ಹೊಂಡ, ಹೀಗೆ ನೀರು ನಿಂತ ಅಥವಾ ನಿಧಾನ ಹರಿಯುವ ಕಡೆಯೆಲ್ಲ ಇದು ಇರುತ್ತದೆ. ನೀರಿನಿಂದ ಮೇಲೆ ಚಾಚಿದ ಒಂದು ಕಡ್ಡಿಯ ತುದಿ ಹಿಡಿದು ಕೂರುತ್ತದೆ. ಹಾರಿ ಹೋದರೂ ಒಂದು ಸುತ್ತು ಹಾಕಿ ಅದೇ ಕಡ್ಡಿಗೆ ವಾಪಸ್ ಬರುತ್ತದೆ.

ಅಲ್ಲಿಂದ ಸ್ವಲ್ಪ ಆಚೆ, ಹುಲ್ಲಿನ ನಡುವೆ, ಅದೇ ಅಳತೆಯ ಹಳದಿ ಹುಳಗಳೂ ಇರುತ್ತವೆ. ಬೇರೆ ಜಾತಿ ಇರಬೇಕು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಅಲ್ಲ. ಅವುಗಳಲ್ಲಿ ಕೆಲವು ಹೆಣ್ಣು. ಉಳಿದವು ಗಂಡೇ, ಆದರೆ ಇನ್ನೂ ಪ್ರಾಯಕ್ಕೆ ಬಾರದವು. ಈ ಹಳದಿ ಗಂಡು ಕೆಲವು ದಿನಗಳಲ್ಲಿ ಪೂರ್ತಿ ಕೆಂಪಾಗುತ್ತದೆ. ಪೊರೆ ಕಳಚಿ ಹೊಸ ಬಣ್ಣದಲ್ಲಿ ಹೊರಬರುತ್ತದೆ ಅನ್ನೋಣ ಅಂದರೆ ಅದೂ ಇಲ್ಲ. ರೆಕ್ಕೆ ಬಂದ ಮೇಲೆ ಡ್ರ್ಯಾಗನ್‌ಫ್ಲೈ ಮತ್ತೆ ಪೊರೆ ಕಳಚುವುದೇ ಇಲ್ಲ. ಇದ್ದ ಮೈಯಲ್ಲೇ ಹಳದಿ ಹೋಗಿ ಕೆಂಪು ಬರಬೇಕು.

ಹೇಗೆ ಬರುತ್ತದೆ ಎಂಬುದಕ್ಕೆ 2012ರಲ್ಲಿ ಜಪಾನಿನ ವಿಜ್ಞಾನಿಗಳು ಉತ್ತರ ಕೊಟ್ಟರು. ಅವರು ಪರೀಕ್ಷೆಗೆ ತೆಗೆದುಕೊಂಡವುಗಳಲ್ಲಿ ನಮ್ಮ ಗದ್ದೆಬದಿಯ ಈ ಜಾತಿಯೂ ಒಂದು. ಅದಕ್ಕೇ ಈ ಹುಳದ ಕಥೆಯನ್ನು ಬಣ್ಣದಿಂದ ಶುರು ಮಾಡುವುದು ನನಗೆ ಸರಿ ಅನ್ನಿಸುತ್ತದೆ.

ಮೊದಲು ಗುರುತು ಹಿಡಿಯುವ ವಿಷಯ ಮುಗಿಸಿಬಿಡೋಣ. ಇದರ ವೈಜ್ಞಾನಿಕ ಹೆಸರು ಕ್ರೋಕೋಥೆಮಿಸ್ ಸರ್ವಿಲಿಯಾ. ಹೆಸರಿಟ್ಟವರು ಲಂಡನ್ನಿನಲ್ಲಿ ಬೆಳ್ಳಿ ಕೆಲಸದ ವ್ಯಾಪಾರ ಮಾಡಿಕೊಂಡು ಕೀಟ ಸಂಗ್ರಹಿಸುತ್ತಿದ್ದ ಡ್ರೂ ಡ್ರೂರಿ, 1773ರಲ್ಲಿ. ಹುಳಗಳ ಫೋಟೊ ತೆಗೆಯುವ ನಮ್ಮ ಹುಡುಗರು ಇದನ್ನು ರಡ್ಡಿ ಮಾರ್ಷ್ ಸ್ಕಿಮ್ಮರ್ ಎನ್ನುತ್ತಾರೆ. ಒಂದೊಂದು ರೆಕ್ಕೆ ಸುಮಾರು ಮೂರು ಸೆಂಟಿಮೀಟರ್ ಉದ್ದ. ರೆಕ್ಕೆ ಪಾರದರ್ಶಕ, ಬುಡದಲ್ಲಿ ಮಾತ್ರ ಜೇನುಬಣ್ಣದ ಮಚ್ಚೆ. ಕೆಂಪು ಬಾಲದ ಮೇಲೆ ನಡುವೆ ತೆಳ್ಳಗೆ ಒಂದು ಕಪ್ಪು ಗೆರೆ. ಈ ಗೆರೆ ಮುಖ್ಯ ಗುರುತು, ಯಾಕೆಂದರೆ ನಮ್ಮಲ್ಲಿ ಕೆಂಪು ಡ್ರ್ಯಾಗನ್‌ಫ್ಲೈಗಳು ಇನ್ನೂ ಇವೆ. ಕ್ರಿಮ್ಸನ್ ಮಾರ್ಷ್ ಗ್ಲೈಡರ್ ಎಂಬುದರ ಕೆಂಪಿನಲ್ಲಿ ನೇರಳೆ ಛಾಯೆ ಇದೆ, ಕಾಲು ಕಪ್ಪು, ರೆಕ್ಕೆಯ ನರಗಳೂ ಕೆಂಪು. ಅದಕ್ಕೆ ಹರಿಯುವ ನೀರೂ ಆಗುತ್ತದೆ, ನಿಂತ ನೀರೂ ಆಗುತ್ತದೆ. ಮೈಗಿಂತ ರೆಕ್ಕೆಯೇ ಜಾಸ್ತಿ ತುಕ್ಕಿನ ಬಣ್ಣದಲ್ಲಿದ್ದು, ತೋಟ-ಕಾಡಿನ ನೆರಳಲ್ಲಿ ಕೂತಿದ್ದರೆ ಅದು ಫುಲ್ವಸ್ ಫಾರೆಸ್ಟ್ ಸ್ಕಿಮ್ಮರ್. ಬಾಲ ಕೆಂಪು, ಎದೆ ಮಾತ್ರ ಬೂದು-ನೀಲಿ ಆಗಿದ್ದರೆ ಅದೂ ಬೇರೆಯೇ. ಭಾರತದಲ್ಲಿ ಡ್ರ್ಯಾಗನ್‌ಫ್ಲೈ ಮತ್ತು ಅವುಗಳ ಸಪೂರ ಮೈಯ ಸಂಬಂಧಿಗಳಾದ ಡ್ಯಾಮ್ಸೆಲ್‌ಫ್ಲೈ ಸೇರಿ ಸುಮಾರು 500 ಬಗೆ ಇವೆ. ಹಾಗಾಗಿ ಗೊಂದಲ ಆಗುವುದು ಸಹಜ.

ಹಳದಿ ಹುಳ ಕಂಡಾಗ ಅದು ಹೆಣ್ಣೋ ಎಳೆ ಗಂಡೋ ಎಂದು ತಿಳಿಯಲು ಒಂದು ಉಪಾಯ ಇದೆ. ಬದಿಯಿಂದ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಬಾಲದ ಬುಡದ ಕೆಳಭಾಗದಲ್ಲಿ, ಎದೆ ಮುಗಿದ ಕೂಡಲೇ, ಚಿಕ್ಕ ಗುಬುಟು ಕಂಡರೆ ಗಂಡು. ಡ್ರ್ಯಾಗನ್‌ಫ್ಲೈ ಗಂಡಿನ ಕೂಡುವ ಅಂಗ ಇರುವುದು ಅಲ್ಲಿ, ಬಾಲದ ತುದಿಯಲ್ಲಿ ಅಲ್ಲ. ವೀರ್ಯ ಹೊರಬರುವುದು ತುದಿಯ ಹತ್ತಿರ. ಅದನ್ನು ಬಾಲ ಬಗ್ಗಿಸಿ ಮೊದಲೇ ಈ ಬುಡದ ಅಂಗಕ್ಕೆ ದಾಟಿಸಿ ಇಟ್ಟುಕೊಳ್ಳುತ್ತದೆ. ಕೂಡುವಾಗ ಎರಡೂ ಸೇರಿ ಚಕ್ರದ ಹಾಗೆ ಕಾಣುವುದು ಈ ವಿಚಿತ್ರ ವ್ಯವಸ್ಥೆಯಿಂದಲೇ.

ಈಗ ಬಣ್ಣ. ಪ್ರಾಣಿ-ಪಕ್ಷಿಗಳಲ್ಲಿ ಕೆಂಪು-ಹಳದಿ ಬಣ್ಣ ಅನೇಕ ಸಲ ತಿಂದ ಆಹಾರದಿಂದ ಬರುತ್ತದೆ. ಫ್ಲೆಮಿಂಗೊ ಗುಲಾಬಿ ಆಗುವುದು ಅದು ತಿನ್ನುವ ಸಿಗಡಿ, ಪಾಚಿಗಳಲ್ಲಿರುವ ಬಣ್ಣದಿಂದ. ಕೆಂಪು ಡ್ರ್ಯಾಗನ್‌ಫ್ಲೈ ವಿಷಯ ಹಾಗಲ್ಲ. ಇದರ ಬಣ್ಣದ ವಸ್ತುಗಳಿಗೆ ಓಮೋಕ್ರೋಮ್ ಎಂದು ಹೆಸರು. ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲದಿಂದ ಹುಳ ತನ್ನ ಮೈಯಲ್ಲೇ ಇವನ್ನು ತಯಾರಿಸಿಕೊಳ್ಳುತ್ತದೆ. ಬೇಟೆಯ ಮೈಯ ಪ್ರೋಟೀನಿನಲ್ಲಿ ಟ್ರಿಪ್ಟೋಫಾನ್ ಹೇಗೂ ಇರುತ್ತದೆ. ಕೀಟಗಳ ಕಣ್ಣಿನಲ್ಲಿರುವ ಕಂದು ಬಣ್ಣವೂ ಇದೇ ಗುಂಪಿನದು. ಈ ಬಣ್ಣ ಇರುವುದು ಹೊರಗಿನ ಗಟ್ಟಿ ಚಿಪ್ಪಿನಲ್ಲಿ ಅಲ್ಲ, ಅದರ ಅಡಿಯ ಜೀವಂತ ಕೋಶಗಳಲ್ಲಿ. ಚಿಪ್ಪು ಪಾರದರ್ಶಕವಾಗಿರುವುದರಿಂದ ಒಳಗಿನದು ಹೊರಗೆ ಕಾಣುತ್ತದೆ. ಪೊರೆ ಕಳಚದೆಯೂ ಬಣ್ಣ ಬದಲಾಗಲು ಸಾಧ್ಯ ಆಗುವುದು ಇದರಿಂದ.

ಹಳದಿ ಗಂಡು, ಕೆಂಪು ಗಂಡು, ಹೆಣ್ಣು, ಮೂರರ ಮೈಯಿಂದಲೂ ಆ ಸಂಶೋಧಕರು ಬಣ್ಣ ತೆಗೆದು ನೋಡಿದರು. ಕೆಂಪು ಗಂಡಿನಲ್ಲಿ ಯಾವುದೋ ಹೊಸ ಕೆಂಪು ವಸ್ತು ಸಿಗಬಹುದು ಎಂದು ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಸಿಗಲಿಲ್ಲ. ಮೂರರಲ್ಲೂ ಇದ್ದದ್ದು ಅವೇ ಎರಡು: ಕ್ಸಾಂಥೋಮ್ಯಾಟಿನ್ ಮತ್ತು ಅದರ ತಮ್ಮನಂಥ ಇನ್ನೊಂದು ಓಮೋಕ್ರೋಮ್. ವ್ಯತ್ಯಾಸ ಇದ್ದದ್ದು ಆ ವಸ್ತುಗಳ ಸ್ಥಿತಿಯಲ್ಲಿ.

ಇಲ್ಲಿ ಹತ್ತನೇ ಕ್ಲಾಸಿನ ಉತ್ಕರ್ಷಣ-ಅಪಕರ್ಷಣವನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಒಂದು ಅಣು ಎಲೆಕ್ಟ್ರಾನ್ ಬಿಟ್ಟುಕೊಟ್ಟರೆ ಉತ್ಕರ್ಷಣ. ಎಲೆಕ್ಟ್ರಾನ್ ಪಡೆದರೆ ಅಪಕರ್ಷಣ. ಅಣುವಿನ ಮೂಲ ಚೌಕಟ್ಟು ಹಾಗೇ ಇರುತ್ತದೆ, ಆದರೆ ಅದರೊಳಗೆ ಎಲೆಕ್ಟ್ರಾನ್‌ಗಳ ಹಂಚಿಕೆ ಬದಲಾಗುತ್ತದೆ. ಯಾವ ಬಣ್ಣದ ಬೆಳಕನ್ನು ಹೀರಬೇಕು, ಯಾವುದನ್ನು ವಾಪಸ್ ಕಳಿಸಬೇಕು ಎಂಬುದು ನಿಂತಿರುವುದು ಆ ಹಂಚಿಕೆಯ ಮೇಲೆ. ಓಮೋಕ್ರೋಮ್ ಉತ್ಕರ್ಷಣಗೊಂಡಾಗ ಹಳದಿ ಕಾಣುತ್ತದೆ. ಅಪಕರ್ಷಣಗೊಂಡಾಗ ಕೆಂಪು ಕಾಣುತ್ತದೆ. ಎಳೆ ಗಂಡಿನ ಮೈಯಲ್ಲಿ ಎರಡೂ ಬೆರೆತಿರುತ್ತವೆ. ಪ್ರಾಯದ ಗಂಡಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಪಕರ್ಷಣಗೊಂಡ ರೂಪದಲ್ಲೇ ಇರುತ್ತದೆ.

ನಮ್ಮ ಮನೆಗಳಲ್ಲಿ ಆರತಿಗೆ ಅರಿಶಿನ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಮಾಡುತ್ತಾರಲ್ಲ, ಅಲ್ಲೂ ಕೆಂಪು ಬಣ್ಣವನ್ನು ಯಾರೂ ಬೇರೆಯಾಗಿ ಸೇರಿಸುವುದಿಲ್ಲ. ಹಳದಿ ಕೊಡುತ್ತಿದ್ದ ಅದೇ ಅಣು ಸ್ವಲ್ಪ ಬದಲಾಗಿ ಕೆಂಪು ಕೊಡುತ್ತದೆ. ಅಲ್ಲಿ ಕಾರಣ ಸುಣ್ಣದ ಕ್ಷಾರ, ಇಲ್ಲಿ ಎಲೆಕ್ಟ್ರಾನ್. ಕಾರಣ ಬೇರೆ ಬೇರೆಯಾದರೂ, ಹೊಸ ಬಣ್ಣ ಬೇಕಾದರೆ ಹೊಸ ವಸ್ತುವೇ ಬೇಕು ಎಂಬ ನಮ್ಮ ಅಂದಾಜು ಎರಡೂ ಕಡೆ ತಪ್ಪಾಗುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಅವರು ಮಾಡಿದ ಪ್ರಯೋಗ ನನಗೆ ತುಂಬ ಇಷ್ಟ. ಎಲೆಕ್ಟ್ರಾನ್ ಕೊಡುವ ಗುಣ ಇರುವ, ಎಲ್ಲರಿಗೂ ಗೊತ್ತಿರುವ ಒಂದು ವಸ್ತು ಆಸ್ಕಾರ್ಬಿಕ್ ಆಮ್ಲ. ಅಂದರೆ ವಿಟಮಿನ್ ಸಿ. ಅದನ್ನು ಎಳೆಯ ಹಳದಿ ಗಂಡಿನ ಮೈಗೆ ಚುಚ್ಚಿದರು. ಹುಳ ಕೆಂಪಾಯಿತು. ಹೆಣ್ಣಿಗೂ ಚುಚ್ಚಿದರು. ಯಾವತ್ತೂ ಗಂಡಿನಷ್ಟು ಕೆಂಪಾಗದ ಹೆಣ್ಣೂ ಕೆಂಪಾಯಿತು. ಅಂದರೆ ಕೆಂಪಾಗಲು ಬೇಕಾದ ಸಾಮಾನು ಹೆಣ್ಣಿನ ಬಳಿಯೂ ಇದೆ. ಅದನ್ನು ಆ ಸ್ಥಿತಿಗೆ ತಂದು ಅಲ್ಲೇ ಉಳಿಸಿಕೊಳ್ಳುವ ಕೆಲಸ ಮಾತ್ರ ಗಂಡಿನ ಮೈಯಲ್ಲಿ ನಡೆಯುತ್ತದೆ. ಹಾಗಂತ ಹುಳ ತಾನಾಗಿ ಕೆಂಪಾಗುವಾಗಲೂ ವಿಟಮಿನ್ ಸಿಯನ್ನೇ ಬಳಸುತ್ತದೆ ಎಂದು ಇದರಿಂದ ಹೇಳಲಾಗದು. ಎಲೆಕ್ಟ್ರಾನ್ ಸಿಕ್ಕರೆ ಕೆಂಪಾಗುತ್ತದೆ ಎಂಬುದಷ್ಟನ್ನೇ ಪ್ರಯೋಗ ತೋರಿಸಿದ್ದು.

ಉಳಿಸಿಕೊಳ್ಳುವುದು ಎಂದೆ. ಅದು ಸುಮ್ನೆ ಹೇಳಿದ ಮಾತಲ್ಲ. ಗಾಳಿಯಲ್ಲಿ ಆಮ್ಲಜನಕ ಇರುವಾಗ ಇಂಥ ವಸ್ತುವನ್ನು ಅಪಕರ್ಷಣ ಸ್ಥಿತಿಯಲ್ಲೇ ಇಡುವುದಕ್ಕೆ ಜೀವಂತ ಕೋಶ ಬೇಕು. ಸತ್ತು ಒಣಗಿದ ಕೆಂಪು ಡ್ರ್ಯಾಗನ್‌ಫ್ಲೈ ಮಂಕಾಗಿ ಕಂದು ತಿರುಗುತ್ತದೆ. ಹಳೆಯ ಸಂಗ್ರಹಗಳಲ್ಲಿ ಪಿನ್ನು ಚುಚ್ಚಿಟ್ಟ ಹುಳ ನೋಡಿದವರಿಗೆ ಇದರ ನಿಜವಾದ ಬಣ್ಣ ಅಂದಾಜಾಗುವುದು ಕಷ್ಟ. ಸಂಗ್ರಹಕಾರರು ಹುಳವನ್ನು ಅಸಿಟೋನಿನಲ್ಲಿ ಅದ್ದಿಡುವುದಕ್ಕೆ ಒಂದು ಕಾರಣ ಇದೇ, ಬಣ್ಣ ಆದಷ್ಟು ಉಳಿಯಲಿ ಎಂದು.

ಎಲ್ಲ ಡ್ರ್ಯಾಗನ್‌ಫ್ಲೈಗಳೂ ಇದೇ ದಾರಿ ಹಿಡಿದಿಲ್ಲ. ಕೆರೆ ಬದಿಯಲ್ಲಿ ಬೂದಿ ಬಳಿದಂತೆ ನೀಲಿ-ಬೂದು ಬಣ್ಣದವು ಕಾಣುತ್ತವಲ್ಲ, ಅವುಗಳದು ಮೇಣ. ಪ್ರಾಯಕ್ಕೆ ಬಂದ ಗಂಡಿನ ಮೈ ಮೇಲೆ ತೆಳುವಾದ ಮೇಣದ ಪುಡಿ ಮೂಡಿ, ಅದು ಬೆಳಕನ್ನು ಚದುರಿಸುತ್ತದೆ. ಕೂಡುವಾಗ ಹೆಣ್ಣಿನ ಕಾಲು ತಾಗಿದ ಕಡೆ ಈ ಮೇಣ ಉಜ್ಜಿ ಹೋಗಿ ಗೀರು ಬೀಳುವುದೂ ಉಂಟು. ಕೆಂಪು ಹುಳದ ಬಣ್ಣ ಹಾಗೆ ಉಜ್ಜಿದರೆ ಹೋಗುವಂಥದ್ದಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಕೆಂಪಾಗುವುದು ಯಾಕೆ? ನೀರಿನಿಂದ ಆಗಷ್ಟೇ ಹೊರಬಂದ ಡ್ರ್ಯಾಗನ್‌ಫ್ಲೈ ಮೈ ಮೆತ್ತಗೆ, ಹಾರಾಟ ಬಲಹೀನ. ಅದು ನೀರಿನ ಹತ್ತಿರ ನಿಲ್ಲುವುದಿಲ್ಲ. ದೂರದ ಹುಲ್ಲು, ಪೊದೆಗಳ ಕಡೆ ಹೋಗಿ ತಿಂದು ಬಲಿಯುತ್ತದೆ. ಒಣ ಹುಲ್ಲಿನ ನಡುವೆ ಹಳದಿ ಬಣ್ಣ ಅಡಗಲು ಚೆನ್ನಾಗಿದೆ. ಪ್ರಾಯ ಬಂದ ಮೇಲೆ ಗಂಡಿನ ಕೆಲಸವೇ ಬೇರೆ. ನೀರಿನ ಅಂಚಿನಲ್ಲಿ ಒಂದು ಜಾಗ ಹಿಡಿಯಬೇಕು, ಬೇರೆ ಗಂಡನ್ನು ಓಡಿಸಬೇಕು, ಹೆಣ್ಣು ಬಂದಾಗ ಅಲ್ಲಿರಬೇಕು. ಆಗ ಅಡಗುವುದಕ್ಕಿಂತ ಎದ್ದು ಕಾಣುವುದೇ ಲಾಭ. ಕೆಂಪು ಮೈ ದೂರದಿಂದಲೇ ಇಲ್ಲೊಬ್ಬ ಗಂಡು ಇದ್ದಾನೆ ಎಂದು ತಿಳಿಸುತ್ತದೆ. ಜೊತೆಗೆ ಇನ್ನೊಂದು ಊಹೆಯೂ ಇದೆ. ನೆರಳಿಲ್ಲದ ನೀರಿನ ಮೇಲೆ ಇಡೀ ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡಿ ಕೂರುವ ಗಂಡಿಗೆ, ಅಪಕರ್ಷಣಗೊಂಡ ಓಮೋಕ್ರೋಮ್ ಬಿಸಿಲಿನ ಹಾನಿಯಿಂದ ಕಾಪಾಡುವ ರಕ್ಷಕನೂ ಆಗಿರಬಹುದು ಎಂದು ಸಂಶೋಧಕರು ಹೇಳುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಾಲವನ್ನು ನೆಟ್ಟಗೆ ಸೂರ್ಯನ ಕಡೆ ಎತ್ತಿ ನಿಲ್ಲುವುದನ್ನು ನೀವೂ ನೋಡಿರಬಹುದು. ಹಾಗೆ ನಿಂತರೆ ಮೈಗೆ ಬೀಳುವ ಬಿಸಿಲು ಕಡಿಮೆ.

ಎದ್ದು ಕಾಣಬೇಕಾದರೆ ನೋಡುವವರಿಗೆ ಆ ಬಣ್ಣ ಕಾಣಬೇಕಲ್ಲ. ಜೇನುನೊಣಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಡ್ರ್ಯಾಗನ್‌ಫ್ಲೈಗೆ ಕಾಣುತ್ತದೆ. ಮನುಷ್ಯರ ಕಣ್ಣು ಬಣ್ಣ ಗುರುತಿಸುವುದು ಆಪ್ಸಿನ್ ಎಂಬ ಪ್ರೋಟೀನಿನ ಮೂರು ಬಗೆಗಳಿಂದ. 2015ರಲ್ಲಿ ಪ್ರಕಟವಾದ ಇನ್ನೊಂದು ಜಪಾನೀ ಅಧ್ಯಯನ 12 ಜಾತಿಯ ಡ್ರ್ಯಾಗನ್‌ಫ್ಲೈಗಳನ್ನು ಪರೀಕ್ಷಿಸಿ, ನೋಟಕ್ಕೆ ಸಂಬಂಧಿಸಿದ ಆಪ್ಸಿನ್ ಜೀನ್‌ಗಳು ಅವುಗಳಲ್ಲಿ 11ರಿಂದ 30ರವರೆಗೆ ಇವೆ ಎಂದು ಕಂಡಿತು. ಇಷ್ಟೆಲ್ಲ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಮರಿಯಾಗಿದ್ದಾಗ ಕೆಲವು, ರೆಕ್ಕೆ ಬಂದ ಮೇಲೆ ಬೇರೆ ಕೆಲವು. ದೊಡ್ಡ ಹುಳದ ಕಣ್ಣಿನಲ್ಲೂ ಮೇಲರ್ಧ, ಕೆಳಅರ್ಧ ಎಂದು ಹಂಚಿಕೆ ಇದೆ. ಆಕಾಶ ನೋಡುವ ಮೇಲಿನ ಭಾಗ ನೀಲಿ, ನೇರಳಾತೀತದ ಕಡೆ ಚುರುಕು. ಹಾರುವ ಬೇಟೆ ಆಕಾಶದ ಬೆಳಕಿನಲ್ಲಿ ಕಪ್ಪು ಚುಕ್ಕಿಯಾಗಿ ಕಾಣಲು ಅಷ್ಟು ಸಾಕು. ನೀರು, ಗಿಡ, ಎದುರಾಳಿ ಎಲ್ಲ ಇರುವುದು ಕೆಳಗೆ. ಹಾಗಾಗಿ ಕೆಂಪು, ಹಸಿರಿನಂಥ ಬಣ್ಣ ಗುರುತಿಸುವ ಕೆಲಸ ಕೆಳಭಾಗಕ್ಕೆ.

ಇಷ್ಟು ಒಳ್ಳೆಯ ಕಣ್ಣು ಇದ್ದೂ ಒಂದು ಕಡೆ ಮೋಸ ಹೋಗುತ್ತದೆ. ನಿಲ್ಲಿಸಿದ ಕಾರಿನ ಬಾನೆಟ್ ಮೇಲೆ ಡ್ರ್ಯಾಗನ್‌ಫ್ಲೈ ಬಾಲ ಕುಟ್ಟುವುದನ್ನು ಕಂಡಿದ್ದೀರಾ? ಅದು ಮೊಟ್ಟೆ ಇಡಲು ಬಂದ ಹೆಣ್ಣು. ನೀರಿನ ಮೇಲೆ ಬಿದ್ದು ವಾಪಸ್ ಬರುವ ಬೆಳಕಿನ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ, ಅಡ್ಡಡ್ಡ ಕಂಪಿಸುತ್ತಿರುತ್ತವೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ, ಡ್ರ್ಯಾಗನ್‌ಫ್ಲೈಗೆ ತಿಳಿಯುತ್ತದೆ. ನೀರು ಎಲ್ಲಿದೆ ಎಂದು ಅದು ಹಾರುತ್ತಲೇ ಕಂಡುಹಿಡಿಯುವುದು ಹೀಗೆ. ನುಣುಪಾದ ಕಪ್ಪು, ಕೆಂಪು ಕಾರು, ಮಿನುಗುವ ಟರ್ಪಾಲು, ಪಾಲಿಶ್ ಮಾಡಿದ ಕರಿಕಲ್ಲು, ಇವುಗಳಿಂದ ಬರುವ ಬೆಳಕೂ ಹಾಗೇ ಇರುತ್ತದೆ. ಪಾಪ, ಅಲ್ಲಿಟ್ಟ ಮೊಟ್ಟೆ ಒಣಗಿ ಹಾಳು.

ಸರಿಯಾದ ನೀರಿನಲ್ಲಿ ಬಿದ್ದ ಮೊಟ್ಟೆಯಿಂದ ಬರುವ ಮರಿಗೂ ದೊಡ್ಡ ಹುಳಕ್ಕೂ ನೋಡಲು ಯಾವ ಸಂಬಂಧವೂ ಇಲ್ಲ. ಕೆಸರಿನ ಬಣ್ಣ, ಅಗಲ ಹೊಟ್ಟೆ, ಆರು ಕಾಲು. ನೀರಿನ ಕಳೆಗಿಡಗಳ ನಡುವೆ ಅಲುಗಾಡದೆ ಕೂತಿರುತ್ತದೆ. ಕೆಳತುಟಿ ಮಡಚಿಕೊಂಡು ಗಲ್ಲದ ಅಡಿ ಇರುತ್ತದೆ. ಬೇಟೆ ಹತ್ತಿರ ಬಂದ ತಕ್ಷಣ ಅದು ಮುಂದಕ್ಕೆ ಚಿಮ್ಮಿ, ತುದಿಯ ಕೊಕ್ಕೆಗಳಿಂದ ಹಿಡಿದು ಬಾಯಿಗೆ ಎಳೆದುಕೊಳ್ಳುತ್ತದೆ. ಉಸಿರಾಟ ಇನ್ನೂ ವಿಚಿತ್ರ. ಇದರ ಕಿವಿರು ಇರುವುದು ಗುದನಾಳದ ಒಳಗೆ. ಹಿಂದಿನಿಂದ ನೀರು ಎಳೆದುಕೊಂಡು ಅದರಲ್ಲಿರುವ ಆಮ್ಲಜನಕ ಹೀರುತ್ತದೆ. ಅಪಾಯ ಕಂಡರೆ ಅದೇ ನೀರನ್ನು ರಭಸದಿಂದ ಹೊರಗೆ ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಗದ್ದೆ ನೀರಿನಲ್ಲಿ ಇಂಥ ಹುಳ ಕಂಡವರು ಬಹಳ ಜನ, ಅದೇ ಮುಂದೆ ಏರೋಪ್ಲೇನ್ ಚಿಟ್ಟೆ ಆಗುತ್ತದೆ ಎಂದು ಗೊತ್ತಿರುವವರು ಕಡಿಮೆ.

ಮರಿ ಬೆಳೆಯುತ್ತಾ ಅನೇಕ ಸಲ ಪೊರೆ ಕಳಚುತ್ತದೆ. ಕೊನೆಯ ಸಲಕ್ಕೆ ಕಾಂಡವನ್ನೋ ಕಲ್ಲನ್ನೋ ಹಿಡಿದು ನೀರಿನಿಂದ ಮೇಲೆ ಏರುತ್ತದೆ. ಚಿಟ್ಟೆಗಳ ಹಾಗೆ ಗೂಡು ಕಟ್ಟಿ ಮಲಗುವ ಹಂತ ಇದಕ್ಕಿಲ್ಲ. ಬೆನ್ನು ಸೀಳಿ ರೆಕ್ಕೆಯ ಹುಳ ನೇರವಾಗಿ ಹೊರಬರುತ್ತದೆ. ಕಾಂಡಕ್ಕೆ ಅಂಟಿಕೊಂಡು ಉಳಿದ ಖಾಲಿ ಪೊರೆಯಲ್ಲಿ ಬಿಳಿ ನೂಲಿನಂಥ ಎಳೆಗಳು ಕಾಣುತ್ತವೆ. ಅವು ಮರಿಯ ಉಸಿರುನಾಳಗಳ ಒಳಪದರ. ಉಸಿರುನಾಳದ ಪೊರೆಯೂ ಕಳಚಿ ಬರುತ್ತದೆ ಎಂದಾಯಿತು.

ಸೊಳ್ಳೆಯ ಮಾತು ಬರದೆ ನಮ್ಮೂರಲ್ಲಿ ಈ ಹುಳದ ಕಥೆ ಮುಗಿಯುವುದಿಲ್ಲ. ಮಂಗಳೂರಿಗೆ 1990ರ ದಶಕದಿಂದ ಮಲೇರಿಯಾದ ಹೆಸರು ಅಂಟಿಕೊಂಡಿದೆ, ಡೆಂಗ್ಯೂ ಮಳೆಗಾಲ ಬಂದರೆ ಎಲ್ಲ ಕಡೆ. ಡ್ರ್ಯಾಗನ್‌ಫ್ಲೈ ಸಾಕಿದರೆ ಸೊಳ್ಳೆ ಹೋಗುತ್ತದೆ ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತವೆ. ಡ್ರ್ಯಾಗನ್‌ಫ್ಲೈ ಮರಿ ನೀರಿನಲ್ಲಿರುವ ಸೊಳ್ಳೆಯ ಹುಳಗಳನ್ನು ತಿನ್ನುವುದು ನಿಜ. ದೊಡ್ಡ ಹುಳ ಹಾರುವ ಸೊಳ್ಳೆ ಹಿಡಿಯುವುದೂ ನಿಜ. ಬೇಟೆಯಲ್ಲಿ ಅದು ಎತ್ತಿದ ಕೈ, ಅಟ್ಟಿಸಿಕೊಂಡು ಹೋಗಿದ್ದರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಸಲ ಹಿಡಿದೇ ಹಿಡಿಯುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಬೇಟೆಯ ಬೆನ್ನ ಹಿಂದೆ ಓಡುವುದಿಲ್ಲ, ಅದು ಮುಂದೆ ಎಲ್ಲಿರುತ್ತದೋ ಅಲ್ಲಿಗೆ ಮೊದಲೇ ಹೋಗುತ್ತದೆ.

ಆದರೆ ನಗರದ ಮಲೇರಿಯಾ ಸೊಳ್ಳೆ ಬೆಳೆಯುವುದು ಮಾಳಿಗೆಯ ನೀರಿನ ಟ್ಯಾಂಕಿನಲ್ಲಿ, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರಿನಲ್ಲಿ. ಡೆಂಗ್ಯೂ ಸೊಳ್ಳೆಗೆ ತೆಂಗಿನ ಗೆರಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಚಿಪ್ಪು, ಹಳೆ ಟಯರ್ ಸಾಕು. ಕೆಂಪು ಡ್ರ್ಯಾಗನ್‌ಫ್ಲೈಗೆ ಬೇಕಾದದ್ದು ಗಿಡಗಳಿರುವ, ವಾರಗಟ್ಟಲೆ ಉಳಿಯುವ, ತೆರೆದ ನೀರು. ಇಬ್ಬರ ವಿಳಾಸವೇ ಬೇರೆ. ಗೆರಟೆ ಕವುಚಿ ಹಾಕುವ ಕೆಲಸವನ್ನು ನಾವೇ ಮಾಡಬೇಕು. ಗದ್ದೆ, ಕೆರೆಯ ಸೊಳ್ಳೆಗಳ ಮಟ್ಟಿಗೆ ಮಾತ್ರ ಇದರ ಉಪಕಾರ ಲೆಕ್ಕಕ್ಕೆ ಬರುತ್ತದೆ.

ಡ್ರ್ಯಾಗನ್‌ಫ್ಲೈ ಇದ್ದರೆ ನೀರು ಶುದ್ಧ ಎಂಬ ಇನ್ನೊಂದು ಮಾತಿದೆ. ಅದು ಯಾವ ಜಾತಿ ಎಂಬುದರ ಮೇಲೆ ಹೋಗುತ್ತದೆ. ಘಟ್ಟದ ಬುಡದ ನೆರಳಿನ ತೋಡುಗಳಲ್ಲಿ ಹಸಿರು ಲೋಹದಂತೆ ಹೊಳೆಯುವ ಸ್ಟ್ರೀಮ್ ಗ್ಲೋರಿ ಎಂಬ ಡ್ಯಾಮ್ಸೆಲ್‌ಫ್ಲೈ ಇದೆ. ಅದಕ್ಕೆ ಹರಿಯುವ ನೀರೇ ಬೇಕು. ಹರಿವು ನಿಂತು ನೀರು ಕೊಳೆತರೆ ಅದು ಅಲ್ಲಿರುವುದಿಲ್ಲ. ನಮ್ಮ ಕೆಂಪು ಹುಳ ಅಂಥ ನಾಜೂಕಿನದಲ್ಲ. ಪಶ್ಚಿಮ ಏಷ್ಯಾದಿಂದ ಜಪಾನಿನವರೆಗೆ ಹರಡಿದೆ, ಮನುಷ್ಯರ ಮೂಲಕ ಅಮೆರಿಕದ ಫ್ಲೋರಿಡಾ, ಹವಾಯಿಗೂ ಹೋಗಿ ಸೇರಿಕೊಂಡಿದೆ. ಸ್ವಲ್ಪ ಕೊಳಕು, ಕಳೆ ತುಂಬಿದ ನೀರಿನಲ್ಲೂ ಇರುತ್ತದೆ. ಹಾಗಾಗಿ ಇದನ್ನು ಕಂಡು ಕೆರೆ ಚೆನ್ನಾಗಿದೆ ಎಂದು ಸರ್ಟಿಫಿಕೇಟ್ ಕೊಡಲು ಹೋಗಬೇಡಿ.

ಇಷ್ಟು ಗಟ್ಟಿ ಜೀವಕ್ಕೂ ಕೆಲವು ಕೆರೆಗಳಲ್ಲಿ ಜಾಗ ಇಲ್ಲದಾಗುವುದು ನೀರಿನ ಕಾರಣಕ್ಕಿಂತ ಅಂಚಿನ ಕಾರಣದಿಂದ ಎಂದು ನನಗನ್ನಿಸುತ್ತದೆ. ಕೆರೆ ಅಭಿವೃದ್ಧಿ ಎಂದರೆ ನಾಲ್ಕೂ ಸುತ್ತ ನೆಟ್ಟಗೆ ಕಾಂಕ್ರೀಟ್ ಗೋಡೆ, ಅದರ ಮೇಲೆ ಇಂಟರ್‌ಲಾಕ್ ಹಾಕಿದ ನಡೆಯುವ ದಾರಿ, ಕಳೆಯೆಲ್ಲ ಕಿತ್ತ ಸ್ವಚ್ಛ ನೀರು. ಅಡಗಲು ಗಿಡ ಇಲ್ಲದಿದ್ದರೆ ಮರಿಯನ್ನು ಮೀನು ತಿನ್ನುತ್ತದೆ. ಗಂಡಿಗೆ ಕಾವಲು ಕೂರಲು ಕಡ್ಡಿ ಇಲ್ಲ. ಎಳೆ ಹುಳ ಬಲಿಯಲು ಬೇಕಾದ ಹುಲ್ಲೂ ಹತ್ತಿರದಲ್ಲಿಲ್ಲ. ಒಂದು ಬದಿಯನ್ನಾದರೂ ಇಳಿಜಾರಾಗಿ, ಜೊಂಡು-ಹುಲ್ಲಿನ ಸಮೇತ ಬಿಟ್ಟರೆ ಈ ಮೂರೂ ಸಿಗುತ್ತವೆ. ಖರ್ಚೂ ಅಷ್ಟು ಕಡಿಮೆ.

ನೋಡಲು ಹೋಗುವವರು ಬೆಳಿಗ್ಗೆ ಬಿಸಿಲು ಏರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಹೋಗಿ. ಮಣಿಪಾಲದ ಮಣ್ಣಪಳ್ಳ, ಮಂಗಳೂರಿನ ಪಿಲಿಕುಳದಂಥ ಕೆರೆಯ ಹುಲ್ಲಿರುವ ಅಂಚು ಅಥವಾ ನಾಟಿ ಆದ ಯಾವುದೇ ಬೈಲು ಆದೀತು. ಮೋಡ ಮುಚ್ಚಿದ ದಿನ ಗಂಡುಗಳು ನೀರಿನ ಹತ್ತಿರ ಬರುವುದು ಕಡಿಮೆ.